ಹಕ್ಕಿ ಓಡಿಸಿದ ಸಿ.ಡಿ.

ಅವ್ವಾ,

ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಸಿ.ಡಿ. ಓದಿತು. ನೀನು ಹೊಲದಲ್ಲಿ ಕಟ್ಟಿದ್ದೆಯಲ್ಲ, ನನ್ನ ಮದುವೆಯ ಅದೇ ಸಿ.ಡಿ., ಕೊನೆಗೂ ಕಂಪ್ಯೂಟರಿನಲ್ಲಿ ಓಡಿತು. ನಾನು ತವರೂರು ಮಸೂತಿಗೆ ಬಂದಾಗಲೆಲ್ಲ, ಕೈಯ ಚೀಲ ಕೆಳಗಿಡುವ ಮೊದಲೇ ನೀನು, "ಓದಿತೇನವಾ ಅದು?" ಎಂದು ಕೇಳುತ್ತಿದ್ದೆ. ಪರೀಕ್ಷೆಯಲ್ಲಿ ನಪಾಸಾದ ಮಗನ ಬಗ್ಗೆ ಕೇಳುವವರ ದನಿ ಅದು. "ಇಲ್ಲವಾ" ಎಂದರೆ ಒಳಗೆ ಹೋಗಿ ಚಹಾಕ್ಕೆ ಇಡುತ್ತಿದ್ದೆ. ಆ ಚಹಾ ಕುಡಿಯುವುದು ನನಗೆ ಎಷ್ಟು ಕಷ್ಟವಾಗುತ್ತಿತ್ತು ಗೊತ್ತೇನು?

ನನ್ನ ಮದುವೆಯ ಸಂಜೆ ಹೆಣ್ಣು ಒಪ್ಪಿಸುವ ಹೊತ್ತು ನೆನಪಾಗುತ್ತದೆ. ನಾನು ಜೀಪಿನೊಳಗೆ ತಲೆ ಬಗ್ಗಿಸಿ ಅಳುತ್ತಾ ಕೂತಿದ್ದೆ. ಹೊರಗೆ ಏನು ನಡೆಯಿತೋ ನೋಡಲಿಲ್ಲ. ತಗಡಿನ ಮೇಲೆ ಢಬ್ ಢಬ್ ಎಂದು ಎರಡು ಪೆಟ್ಟು ಬಿದ್ದವು, "ರೈಟ್" ಎಂದು ಅಪ್ಪನ ದನಿ ಕೇಳಿತು, ಗಾಡಿ ಹೊರಟಿತು. ಬಾಗೇವಾಡಿ–ನಿಡಗುಂದಿ ಬಸ್ಸಿನಲ್ಲಿ ಜನ್ಮವಿಡೀ ಕಂಡಕ್ಟರಾಗಿದ್ದ ಮನುಷ್ಯ, ಮಗಳನ್ನು ಕಳಿಸುವಾಗಲೂ ಕೈ ತನ್ನಷ್ಟಕ್ಕೆ ತಗಡಿಗೆ ಹೋಗಿತ್ತು. ಅಳುತ್ತಿದ್ದ ಹೆಂಗಸರೆಲ್ಲ ನಕ್ಕರಂತೆ. ನಾನು ನಗಲಿಲ್ಲ. ಪ್ಯಾಸೆಂಜರನ್ನು ಕಳಿಸಿದ ಹಾಗೆ ಕಳಿಸಿಬಿಟ್ಟನಲ್ಲ ಅಂತ ಆ ಹೊತ್ತಿಗೆ ಮನಸ್ಸಿನಲ್ಲಿ ಕೂತದ್ದು, ಆಮೇಲೆ ಎಷ್ಟು ಒರೆಸಿದರೂ ಹೋಗಲಿಲ್ಲ.

ಮೊದಲ ಪಂಚಮಿಗೆ ತವರಿಗೆ ಬಂದಾಗ ಜೋಕಾಲಿಯ ಹಗ್ಗ ಕಟ್ಟುತ್ತಿದ್ದ ಅಪ್ಪನ ಮುಂದೆಯೇ ಅದನ್ನು ಅಂದುಬಿಟ್ಟೆ. ತಮಾಷೆಯ ಮಾತಿನಂತೆ ಅಂದೆ, ನಿನಗೆ ಮಾತ್ರ ಅದು ತಮಾಷೆಯಾಗಿ ಕೇಳಿಸಲಿಲ್ಲ. ಅಡಿಗೆ ಮನೆಯಿಂದ ನೀನು ಎದ್ದು ಬಂದೆ.

"ರೈಟ್ ಅಂದದ್ದು ಖರೆ. ಗಾಡಿ ಹೊಂಟ ಮ್ಯಾಲ ಹೋಲ್ಡಾನ್ ಅಂದಾರ ನಿಮ್ಮಪ್ಪ. ಮೆತ್ತಗ ಅಂದಾರ. ನಾ ಬಾಜೂಕ ನಿಂತಿದ್ದೆ."

"ಹುಚ್ಚಿ," ಎಂದ ಅಪ್ಪ, ಹಗ್ಗದಿಂದ ಕಣ್ಣೆತ್ತದೆ. "ರೈಟ್ ಕೊಟ್ಟ ಮ್ಯಾಲ ಹೋಲ್ಡಾನ್ ಯಾಕ ಅನ್ಲಿ? ಸೀಟು ತುಂಬಿದ್ದವು, ಗಾಡಿ ಬಿಟ್ಟೆ."

ಅಂದಿನಿಂದ ನಿಮ್ಮಿಬ್ಬರ ಜಗಳಕ್ಕೆ ಅದೊಂದು ಖಾಯಂ ವಿಷಯವಾಯಿತು. ನೀನು ಅಂದಾರ ಅನ್ನುವುದು, ಅವನು ಅಂದಿಲ್ಲ ಅನ್ನುವುದು. ನಾನು ನಡುವೆ ಕೂತು, ಅವ್ವ ನನ್ನನ್ನು ಸಮಾಧಾನ ಮಾಡಲು ಕಟ್ಟಿ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಿದ್ದೆ. ಅಪ್ಪನಂಥ ಅಪ್ಪ, ಕೊಟ್ಟ ರೈಟನ್ನು ಹಿಂದಕ್ಕೆ ತೆಗೆದುಕೊಳ್ಳುವುದೆಂದರೆ...

ಮದುವೆಯ ಸಿ.ಡಿ. ಬಂದ ದಿನ ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿತ್ತು. ಎರಡು ಸಿ.ಡಿ. ಇದ್ದವು. ಮೊದಲನೆಯದರಲ್ಲಿ ಅರಿಶಿಣ, ಸುರಗಿ ನೀರು, ಅಕ್ಕಿಕಾಳು, ಎಲ್ಲ ಸರಾಗ ಓಡಿತು. ಎರಡನೆಯದರಲ್ಲಿ ಊಟ, ಬಂಧುಗಳು ಉಡುಗೊರೆ ಕೊಡುವ ಆಯರಿ, ಕೊನೆಗೆ ಒಪ್ಪಿಸುವುದು. ಜೀಪಿನ ಬಾಗಿಲು ಹಾಕಿದರು, ಅಲ್ಲಿಗೆ ಚಿತ್ರ ಚೌಕಚೌಕವಾಗಿ ಒಡೆದು ನಿಂತುಹೋಯಿತು. ಮತ್ತೆ ಹಾಕಿದರೂ ಅಲ್ಲೇ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡ, ಸಿ.ಡಿ. ಸುದ್ದಾ ಹೋಲ್ಡಾನ್ ಅಂತೈತಿ," ಎಂದ. ನೀನೊಬ್ಬಳೇ ನಗದೆ ಪ್ಲೇಯರಿನ ತಲೆಗೆ ಎರಡು ಬಿಟ್ಟೆ.

ಆ ಸಿ.ಡಿ. ಹುಟ್ಟಿದಾಗಲೇ ಬಡಕಲು, ಅವ್ವಾ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಸಿ.ಡಿ.ಯಲ್ಲಿ ಬರೆಯುವುದು ನಡುವಿನ ತೂತಿನ ಕಡೆಯಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ಅಂಚಿನ ಕಡೆಗೆ ಹೋಗುತ್ತದೆ. ಅಗ್ಗದ ಮಾಲಿನಲ್ಲಿ ಅಂಚು ಯಾವಾಗಲೂ ಕಚ್ಚಾ. ಸ್ಟುಡಿಯೋದವನು ಅಂಥದ್ದರಲ್ಲಿ ಅಂಚು ಮುಟ್ಟುವವರೆಗೆ ತುಂಬಿದ್ದ. ಅಪ್ಪನ ಮಾತು ಇದ್ದರೆ ಇರಬೇಕಾದದ್ದು ಸರಿಯಾಗಿ ಅಲ್ಲಿಯೇ. ಅಂದರೆ ನೀನು ಕೈ ಹಚ್ಚುವುದಕ್ಕೆ ಎಷ್ಟೋ ವರ್ಷ ಮೊದಲೇ ಅದು ಓದುತ್ತಿರಲಿಲ್ಲ. ಈ ಒಂದು ಮಾತನ್ನು ನಿನಗೆ ಬದುಕಿದ್ದಾಗ ಹೇಳಲು ಆಗಲಿಲ್ಲವಲ್ಲ ಎಂಬುದೊಂದು ಸಂಕಟ ನನಗೆ.

ಅಪ್ಪ ಹೋದ ಮೇಲಿನ ಚಳಿಗಾಲ. ಜೋಳದ ಕಾಳಿಗೆ ಹಾಲು ತುಂಬಿತ್ತು, ನಾನೂ ನಿನ್ನ ಅಳಿಯನೂ ಎಳೆ ತೆನೆ ಸುಟ್ಟ ಸೀತನಿ ತಿನ್ನಲು ಬಂದಿದ್ದೆವು. ದೂರದಿಂದಲೇ ಹೊಲ ಝಗಝಗ ಹೊಳೆಯುತ್ತಿತ್ತು. ಹಕ್ಕಿ ಬೆದರಿಸಲು ನೀನು ದಾರ ಕಟ್ಟಿ ಹಳೆಯ ಸಿ.ಡಿ.ಗಳನ್ನು ತೂಗುಹಾಕಿದ್ದೆ. ಊರೆಲ್ಲ ಹಾಗೆಯೇ ಮಾಡಿತ್ತು, ಪ್ಲೇಯರು ಕೆಟ್ಟ ಮನೆಗಳ ಸಿ.ಡಿ.ಗಳೆಲ್ಲ ಹೊಲಕ್ಕೆ ಬಂದಿದ್ದವು. "ನೋಡ, ಈ ವರ್ಷ ಒಂದ ಗುಬ್ಬಿ ಇಳಿದಿಲ್ಲ," ಎಂದು ನೀನು ಹೆಮ್ಮೆಯಿಂದ ತೋರಿಸಿದೆ. ಕಣ್ಣಿಗೆ ಬೆಳಕು ಹೊಡೆಯುತ್ತದೆಂದು ನಿನ್ನ ಅಳಿಯ ಒಂದನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದರು. ಹಿಡಿದವರು ಬಿಡಲಿಲ್ಲ. ತೂತಿನ ಸುತ್ತ ಗಾಜಿನ ಬಳೆಯಂಥ ಜಾಗವಿರುತ್ತದಲ್ಲ, ಅಲ್ಲಿ ಮಾರ್ಕರಿನಲ್ಲಿ ನನ್ನ ಹೆಸರು, ಪಕ್ಕದಲ್ಲಿ ಎರಡು ಎಂಬ ಅಂಕಿ.

ನೀನು ಹೇಗೆ ಗುರುತಿಸಬೇಕಿತ್ತು? ಮೇಲೆ ಅಂಟಿಸಿದ್ದ ನಮ್ಮಿಬ್ಬರ ಫೋಟೋದ ಸ್ಟಿಕರ್ ಟ್ರಂಕಿನ ಥಂಡಿಗೆ ಎಂದೋ ಕಿತ್ತು ಬಂದಿತ್ತು. ಅಕ್ಷರ ನಿನಗೆ ಬರುತ್ತಿರಲಿಲ್ಲ. ಫೋಟೋ ಇದ್ದದ್ದನ್ನು ಮನೆಯಲ್ಲಿಟ್ಟು, ಫೋಟೋ ಇಲ್ಲದ್ದನ್ನು ಹೊಲಕ್ಕೆ ತಂದಿದ್ದೆ, ಅಷ್ಟೇ. ಆದರೂ ನಿನ್ನ ಮುಖ ಆಗ ಇದ್ದ ಬಗೆ... ದಾರವನ್ನು ಹಲ್ಲಿನಿಂದ ಕಡಿದು, ಸಿ.ಡಿ.ಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ನಡೆದೆ. ಸೀತನಿ ಬೆಂಕಿಯಲ್ಲೇ ಸುಟ್ಟು ಕರಿಯಾಯಿತು.

"ನಿಮ್ಮಪ್ಪನ ಮಾತ ನನ್ನ ಕೈಯಾರೆ ಹಕ್ಕಿಗಿ ಹಾಕಿದ್ನಲ್ಲವಾ," ಎಂದೆ ಆ ಸಂಜೆ. ಅದೊಂದೇ ಸಲ ಅಂದದ್ದು. ಮರುದಿನದಿಂದ ಅದು ಹಳೆಯ ಸೀರೆಯ ತುಂಡಿನಲ್ಲಿ ಜಗಲಿಯ ಮೇಲೆ ದೇವರ ಪಕ್ಕ ಕೂತಿತು. ಒಂದು ಅಮಾವಾಸ್ಯೆಗೆ ನೀನು ಅದಕ್ಕೂ ವಿಭೂತಿ ಹಚ್ಚಿದ್ದೆ.

ಸಿಂದಗಿಯ ನನ್ನ ಜೆರಾಕ್ಸ್ ಅಂಗಡಿಗೆ ಒಯ್ದು ಅದನ್ನು ಎಷ್ಟು ಸಲ ಹಾಕಿದೆನೋ. ಲ್ಯಾಪ್‌ಟಾಪಿನ ಸಿ.ಡಿ. ಓದುವ ಡ್ರೈವ್ ತೆಳ್ಳಗಿನದು, ಅವಸರದ್ದು. ಗುರ್ರ್ ಎಂದು ತಿರುಗಿಸಿ, ಸ್ವಲ್ಪ ಹುಡುಕಿದ ಹಾಗೆ ಮಾಡಿ, ಹೊರಗೆ ಉಗುಳುತ್ತಿತ್ತು. ವಿಜಯಪುರದ ಅಂಗಡಿಯವರು ಬಿಸಾಡ್ರಿ ಎಂದರು. ತಂದು ಮತ್ತೆ ನಿನ್ನ ಜಗಲಿಗೇ ಇಟ್ಟೆ. ಅಷ್ಟರಲ್ಲಿ ಹೋದ ವರ್ಷ ನೀನು ಹೋದೆ. ನಿನ್ನ ಮಣ್ಣು ಮುಗಿಸಿ ಬಂದು ಜಗಲಿ ಒರೆಸುವಾಗ ಆ ಗಂಟು ಕೈಗೆ ಬಂತು. ಇನ್ನು ಯಾರು ಕೇಳುತ್ತಾರೆ ನನ್ನನ್ನು, ಓದಿತೇನು ಅಂತ?

ಮೊನ್ನೆ ಮುದ್ದೇಬಿಹಾಳಕ್ಕೆ ಒಂದು ಮದುವೆಗೆ ಹೋದಾಗ ಶಮಶಾದ್ ಸಿಕ್ಕಳು. ನನ್ನ ಜೊತೆ ಕಂಪ್ಯೂಟರ್ ಕೋರ್ಸ್ ಮಾಡಿದವಳು, ನಮ್ಮ ಮನೆಗೆ ಬಂದರೆ ನಿನ್ನ ಶೇಂಗಾ ಹಿಂಡಿಯ ಡಬ್ಬಿ ಖಾಲಿ ಮಾಡುತ್ತಿದ್ದಳಲ್ಲ, ಅವಳೇ. ಈಗ ಅಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ನಿನ್ನ ಸುದ್ದಿ ಹೇಳುತ್ತಾ ಸಿ.ಡಿ.ಯ ಸುದ್ದಿಯೂ ಬಂತು. ಅವಳು ಊಟದ ಎಲೆ ಮುಂದೆಯೇ ನನ್ನನ್ನು ಬೈದಳು.

"ಒಂದ ಡ್ರೈವ್ ಮಾತು ಕೇಳಿ ಕೈ ಬಿಟ್ಟಿ ಏನ? ಒಂದಕ್ಕ ಕಾಣದ್ದು ಇನ್ನೊಂದಕ್ಕ ಕಾಣ್ತೈತಿ. ಹಳೇವು ಸಿಗ್ತಾವೇನು ನೋಡು. ನಂದೂ ಒಂದೈತಿ, ತಗೊಂಡು ಹೋಗು."

ಮೊದಲು ಅದಕ್ಕೆ ಸ್ನಾನ ಮಾಡಿಸಿದೆ. ಸಾಬೂನು ನೀರಿನಲ್ಲಿ, ಮೆತ್ತನೆಯ ಅರಿವೆಯಿಂದ, ನಡುವಿನಿಂದ ಅಂಚಿಗೆ ನೆಟ್ಟಗೆ ಒರೆಸುವುದು, ಸುತ್ತು ಹಾಕಿ ಒರೆಸಬಾರದು. ಹೊಲದ ಧೂಳು, ನಿನ್ನ ವಿಭೂತಿ ಎಲ್ಲ ಹೋಯಿತು. ಜೋಳದ ಎಲೆ ಗೀರಿದ ಗೆರೆಗಳು ಉಳಿದವು. ಹಳೆಯ ಡ್ರೈವ್ ಹುಡುಕುತ್ತಾ ಇಂಡಿ ಊರಿನ ಚಿಗವ್ವನಿಗೆ ಫೋನ್ ಮಾಡಿದರೆ, ಅವಳ ಮನೆಯ ಹಳೇ ಕಂಪ್ಯೂಟರಿನ ಡಬ್ಬಿ ಉಪ್ಪಿನಕಾಯಿ ಭರಣಿ ಇಡುವ ಮಣೆಯಾಗಿತ್ತು. ನಿನ್ನ ತಂಗಿ ತಾನೇ, ಯಾವುದನ್ನೂ ಬಿಸಾಡುವವಳಲ್ಲ. ತರಿಸಿಕೊಂಡ ಆ ಡ್ರೈವಿನ ಬಾಯಿ ತೆರೆಯುತ್ತಿರಲಿಲ್ಲ. ಮುಂದಿರುವ ಸಣ್ಣ ತೂತಿಗೆ ಪಿನ್ನು ಚುಚ್ಚಿ ತೆರೆಸಿದೆ.

ಅವುಗಳ ಸ್ವಭಾವ ನೋಡಿದ್ದರೆ ನಿನಗೆ ನಗು ಬರುತ್ತಿತ್ತು. ನನ್ನ ಅಂಗಡಿಯದು ಒಳಗಿನ ಸ್ವಲ್ಪ ಭಾಗ ಓದಿ ಮುನಿಸಿಕೊಂಡು ನಿಂತಿತು. ಶಮಶಾದಳದು ಇನ್ನಷ್ಟು ಓದಿತು, ಆದರೆ ನಡುವೆ ಒಂದು ಪಟ್ಟಿ ಬಿಟ್ಟಿತು. ಓದಿದ್ದನ್ನು ಜೋಪಾನ ಮಾಡಿ, ಬಿಟ್ಟದ್ದನ್ನು ಮಾತ್ರ ಮುಂದಿನ ಡ್ರೈವಿಗೆ ಕೇಳುವ ಒಂದು ಸಾಫ್ಟ್‌ವೇರ್ ಇದೆ, ಅದನ್ನು ಶಮಶಾದ್ ಹಾಕಿಕೊಟ್ಟಿದ್ದಳು. ಅಂಚು ಮಾತ್ರ ಯಾರಿಗೂ ಬಗ್ಗಲಿಲ್ಲ. ಕೊನೆಗೆ ಚಿಗವ್ವನ ಉಪ್ಪಿನಕಾಯಿ ಡ್ರೈವನ್ನು ಜೋಡಿಸಿ, ಅದರ ವೇಗ ಇಳಿಸಿ ಬಿಟ್ಟೆ. ಒಂದೇ ಜಾಗವನ್ನು ಮತ್ತೆ ಮತ್ತೆ ಸವರುತ್ತಾ, ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹೋಗುತ್ತಿತ್ತು. ನಾನು ಗಿರಾಕಿಗಳ ಆಧಾರ್ ಜೆರಾಕ್ಸ್ ಮಾಡುತ್ತಾ ಅತ್ತಲೇ ಕಿವಿ ಇಟ್ಟಿದ್ದೆ. ಅಂಗಡಿ ಮುಚ್ಚುವ ಮುಂಚೆ ಅಂಚಿನ ತುದಿಯವರೆಗೆ ಓದಿ ಮುಗಿಸಿತು.

ನಡುವಿನ ಆ ಪಟ್ಟಿ ಮಾತ್ರ ಯಾವುದಕ್ಕೂ ಸಿಗಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ, ಅಲ್ಲಿ ಆಚೆ ಕಡೆ ಕಾಣಿಸುತ್ತಿತ್ತು. ಸ್ಟಿಕರ್ ಕಿತ್ತು ಬರುವಾಗ ಕೆಳಗಿನ ಬೆಳ್ಳಿ ಬಣ್ಣವನ್ನೂ ಕಿತ್ತುಕೊಂಡು ಹೋಗಿದೆ. ಸಿ.ಡಿ.ಯ ಜೀವ ಇರುವುದು ಆ ಬಣ್ಣದಲ್ಲಿ, ಅದು ಹೋದರೆ ಹೋಯಿತು. ಕೆಳಗಿನ ಗೀರುಗಳನ್ನು ಡ್ರೈವ್ ಹೇಗೋ ದಾಟುತ್ತದೆ. ಅಂದರೆ ಹಾಳು ಮಾಡಿದ್ದು ಸ್ಟುಡಿಯೋದ ಗೋಂದು, ನಿನ್ನ ಹೊಲವಲ್ಲ. ಇದನ್ನು ನಿನ್ನ ಅಳಿಯನಿಗೆ ಎರಡೆರಡು ಸಲ ಹೇಳಿದೆ. ಅವರು, "ನನಗ್ಯಾಕ ಹೇಳ್ತೀ, ನಿಮ್ಮವ್ವಗ ಹೇಳು," ಎಂದರು. ಹಾಗಾಗಿಯೇ ಈ ಪತ್ರ.

ಆ ಪಟ್ಟಿಯಲ್ಲಿ ಹೋದದ್ದು ಏನು ಗೊತ್ತೇನು? ಆಯರಿ ಮಾಡಿದ ಭಾಗ. ಚಿಗವ್ವನಿಗೆ ತಿಳಿಸಿದರೆ ಫೋನಿನಲ್ಲೇ ಸಿಟ್ಟಾದಳು. "ನಂದ ಡ್ರೈವ್, ನಾ ಕೊಟ್ಟ ಇಳಕಲ್ ಸೀರಿನ ಓದಲಿಲ್ಲೇನ ಅದು?" ಎಂದಳು. ಬಹಳ ದಿನಗಳ ಮೇಲೆ ಮನಸ್ಸು ಬಿಚ್ಚಿ ನಕ್ಕೆ, ಅವ್ವಾ.

ಭಾನುವಾರ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು ನಾನೂ ನಿನ್ನ ಅಳಿಯನೂ ಕೂತೆವು. ಜೀಪಿನ ಬಾಗಿಲು ಹಾಕಿದರು. ಯಾವಾಗಲೂ ನಿಲ್ಲುತ್ತಿದ್ದ ಜಾಗ. ನಿಲ್ಲಲಿಲ್ಲ. ಅಪ್ಪನ ಬೆನ್ನು ಕಂಡಿತು, ಕೈ ಎದ್ದಿತು, ಢಬ್ ಢಬ್, "ರೈಟ್." ಗಾಡಿ ಕದಲಿತು. ಅಲ್ಲಿಗೆ ಚಿತ್ರ ಒಡೆದು ಹಸಿರು ನೇರಳೆ ಚೌಕಗಳಾಯಿತು. ಆದರೆ ಶಬ್ದ ಬರುತ್ತಲೇ ಇತ್ತು. ಹೆಂಗಸರ ಅಳು, ದೂರವಾಗುವ ಗಾಡಿಯ ಸಪ್ಪಳ, ಆಮೇಲೆ ಬಸ್ಸಿನ ದನಿಯಲ್ಲ, ನಾನು ಎಂದೂ ಕೇಳದ ಇನ್ನೊಂದು ದನಿಯಲ್ಲಿ ಅಪ್ಪ, "ಹೋಲ್ಡಾನ್."

ಅಂದಿದ್ದ, ಅವ್ವಾ. ನೀನು ಹೇಳಿದ ಹಾಗೆಯೇ, ಮೆತ್ತಗೆ. ನಿನ್ನ ಅಳಿಯ ಹಿಂದಕ್ಕೆ ಓಡಿಸಿ ಮತ್ತೆ ಕೇಳಿಸಲು ಹೋದರು, ಬೇಡ, ಮುಂದಕ್ಕೆ ಹೋಗಲಿ ಎಂದೆ. ಇಷ್ಟು ವರ್ಷ ಮನಸ್ಸಿನಲ್ಲಿ ಕೂತಿದ್ದು ಎದ್ದು ಹೋಗುವುದು ಇಷ್ಟು ಸುಲಭವೇ ಅಂತ ಅಳುತ್ತಾ ಕೂತಿದ್ದೆ. ಸಿ.ಡಿ. ಇನ್ನೂ ಮುಗಿದಿರಲಿಲ್ಲ. ಅಪ್ಪನ ಪಕ್ಕದಿಂದಲೇ ಇನ್ನೊಂದು ದನಿ ಬಂತು, ಅತ್ತು ಅತ್ತು ಒಡೆದ ದನಿ.

"ಜೋರಾಗಿ ಅನ್ರೀ. ಅಷ್ಟ ಮೆತ್ತಗ ಅಂದ್ರ ಆಕಿಗೆ ಹೆಂಗ ಕೇಳ್ತೈತಿ?"

ಅಲ್ಲಿಗೆ ಮುಗಿಯಿತು. ಅಪ್ಪನ ಮಾತನ್ನು ವರ್ಷಗಟ್ಟಲೆ ಹೇಳುತ್ತಾ ಬಂದವಳು ನಿನ್ನ ಮಾತನ್ನು ಒಂದು ದಿನವೂ ಹೇಳಲಿಲ್ಲವಲ್ಲ. ಯಾಕೆ ಹೇಳಲಿಲ್ಲ?

ಈ ಸಲ ಸೀತನಿ ಹೊತ್ತಿಗೆ ಹೊಲಕ್ಕೆ ಬರುತ್ತೇನೆ. ದಾರ ಕಟ್ಟಿ ತೂಗುಹಾಕಲು ಬೇರೆ ಸಿ.ಡಿ.ಗಳನ್ನು ತರುತ್ತೇನೆ, ಇದು ಮನೆಯಲ್ಲಿರುತ್ತದೆ. ನೀನು ಕೇಳಿದ್ದೆಯಲ್ಲ, ಆಕೆಗೆ ಹೇಗೆ ಕೇಳುತ್ತದೆ ಅಂತ. ಕೇಳಿತು, ಅವ್ವಾ. ಇಬ್ಬರದೂ ಕೇಳಿತು.

ನಿನ್ನ
ಸುವರ್ಣಾ