ದೊಡ್ಡ ಡಿಸ್ಕಿನ ವೈರು

ದಾವಣಗೆರೆ,
ಎರಡು ಸಾವಿರದ ನೂರಾ ಎಪ್ಪತ್ನಾಲ್ಕನೇ ಇಸವಿ, ಫೆಬ್ರವರಿ ಮೂವತ್ತು

ಹಾಲೇಶಜ್ಜನಿಗೆ, ನಿನ್ನ ಮರಿಮಗನ ಮೊಮ್ಮಗಳು ನೀಲಗಂಗೆ ಮಾಡುವ ನಮಸ್ಕಾರ.

ತಾರೀಖು ನೋಡಿ ಬೆಚ್ಚಬೇಡ. ಫೆಬ್ರವರಿಗೆ ನಾವು ಎರಡು ದಿನ ಸೇರಿಸಿಕೊಂಡಿದ್ದೇವೆ. ಬೇಸಿಗೆಯನ್ನು ಎಷ್ಟು ಮುಂದೂಡಿದರೂ ನಮಗೆ ಸಾಲದು. ಅಜ್ಜ ಎನ್ನುತ್ತಿದ್ದೇನೆ, ಆದರೆ ಈಗ ನಿನಗೆ ಮೂವತ್ತೆಂಟು, ನನಗೆ ಐವತ್ತು ದಾಟಿದೆ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ಇದು ಹಿಂದಂಚೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಂದು ಮನೆಗೆ ಒಂದೇ ಸಲ ಕೊಡುತ್ತಾರೆ. ನಮ್ಮ ಪಾಲಿನದನ್ನು ನಿನ್ನ ಕಂಪ್ಯೂಟರಿನ ಪರದೆಗೆ ಕಳಿಸುತ್ತಿದ್ದೇನೆ, ಏಕೆಂದರೆ ನೀನು ಈಗ ಅದರ ಮುಂದೆ ಕೂತು, ಅದನ್ನು ನಡೆಸುವ ತಂತ್ರಾಂಶವಾಗಿ ಯಾವ ಲಿನಕ್ಸ್ ಹಾಕಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದೀಯ.

ಮದುವೆ ವಿಡಿಯೋ ತೆಗೆಯುವ ನೀನು ಸ್ಟುಡಿಯೋದ ಹಳೇ ಕಂಪ್ಯೂಟರನ್ನು ಮನೆಗೆ ತಂದೆ. ಸಿನಿಮಾ, ಹಾಡು, ಮನೆಯವರ ವಿಡಿಯೋ ಎಲ್ಲವನ್ನೂ ಅದರಲ್ಲಿಟ್ಟು ಟಿವಿಯಲ್ಲಿ ನೋಡುವಂತೆ ಮಾಡಿದೆ. ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಉಬುಂಟು ಎಂಬ ಲಿನಕ್ಸ್ ಚೆನ್ನಾಗಿಯೇ ನಡೆಯುತ್ತಿತ್ತು. ಯಾರೋ ಮಿಂಟ್ ಅಂದರು, ಮಿಂಟ್ ಹಾಕಿದೆ. ಹೊಸದಿದೆಯೆಂದು ಫೆಡೋರಾ ಹಾಕಿದೆ. ಆರ್ಚ್ ಹಾಕಿದವನೇ ಗಂಡಸು ಎಂದು ಯೂಟ್ಯೂಬಿನಲ್ಲಿ ಯಾವನೋ ಅಂದದ್ದಕ್ಕೆ ಅದೂ ಆಯಿತು. ನಿನ್ನ ಹೆಂಡತಿ ವನಜಾಕ್ಷಜ್ಜಿ ತನ್ನ ತಂಗಿಗೆ ಕಳಿಸಿದ ಧ್ವನಿ ಸಂದೇಶ ನಮ್ಮಲ್ಲಿ ಇನ್ನೂ ಇದೆ: “ವಾರಕ್ಕೊಂದ್ ಹೊಸಾದು ಹಾಕ್ತಾರ ಕಣೇ, ಈ ಮನ್ಯಾಗ ಒಂದ್ ಸಿನ್ಮಾನೂ ಪೂರ್ತಿ ನೋಡಂಗಿಲ್ಲ.” ಮುಂದೆ ನಡೆದದ್ದನ್ನೂ ಇನ್ನೊಂದು ಸಂದೇಶದಲ್ಲಿ ಅವಳೇ ಹೇಳಿ ಅತ್ತಿದ್ದಾಳೆ.

ಆ ಕಂಪ್ಯೂಟರ್ ಪೆಟ್ಟಿಗೆ ನಮ್ಮ ಮನೆಯಲ್ಲಿ ಇವತ್ತಿಗೂ ಓಡುತ್ತಿದೆ. ಒಳಗಿನದೆಲ್ಲ ಒಂದೊಂದಾಗಿ ಬದಲಾಗಿ, ನಿನ್ನ ಕಾಲದ್ದೆಂದು ಉಳಿದಿರುವುದು ತಗಡು ಮಾತ್ರ. ನಮ್ಮಲ್ಲಿ ನೋಟಸುಂಕವಿದೆ: ಒಂದೇ ಚಿತ್ರವನ್ನು ಎಷ್ಟು ಸಲ ನೋಡಿದರೆ ಅಷ್ಟೂ ಸಲ ತೆರಬೇಕು. ಮನೆಪೆಟ್ಟಿಗೆಯಲ್ಲಿರುವುದಕ್ಕೆ ಮಾತ್ರ ಸುಂಕವಿಲ್ಲ. ಹಾಗಾಗಿ ಬಿಸಿಲುರಜೆಯಲ್ಲಿ, ಅಂದರೆ ಹತ್ತರಿಂದ ಐದರ ತನಕ ಊರೇ ಕದ ಹಾಕಿಕೊಳ್ಳುವ ಹೊತ್ತಿನಲ್ಲಿ, ಓಣಿಯವರೆಲ್ಲ ಮಂಡಕ್ಕಿ ಹಿಡಿದುಕೊಂಡು ನಮ್ಮಲ್ಲಿಗೆ ಬರುತ್ತಾರೆ. ನೀನು ತೆಗೆದ ಮದುವೆಗಳಲ್ಲಿ ತಮ್ಮ ಮನೆಯ ಹಿರಿಯಳೊಬ್ಬಳು ಊಟದ ಸಾಲಿನಲ್ಲಿ ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳುವುದನ್ನು ಗುರುತಿಸಿ ಬಿದ್ದು ಬಿದ್ದು ನಗುತ್ತಾರೆ. ಆಯುಧಪೂಜೆಯ ದಿನ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ‘ಅವ್ವ’ ಎಂಬ ಫೋಲ್ಡರನ್ನು ತೆರೆಯುತ್ತೇವೆ. ಅದು ಖಾಲಿ. ನೋಡಿ ಮುಚ್ಚುತ್ತೇವೆ. ನಮ್ಮ ಮನೆಯ ಪದ್ಧತಿ ಅದು.

ಅದು ಖಾಲಿಯಾಗುವುದು ನಿನ್ನ ಕಾಲದ ಇವತ್ತು, ಇನ್ನು ಸ್ವಲ್ಪ ಹೊತ್ತಿಗೆ. ನೀನು ಡೆಬಿಯನ್ ಹಾಕಲು ಕೂತಿದ್ದೀಯ. ಚಿಕ್ಕ ಡಿಸ್ಕಿನಲ್ಲಿ ಲಿನಕ್ಸ್, ದೊಡ್ಡದರಲ್ಲಿ ವಿಡಿಯೋಗಳು. ಯಾವ ಡಿಸ್ಕನ್ನು ಅಳಿಸಲಿ ಎಂದು ಅದು ಕೇಳುತ್ತದೆ. ಪ್ರತಿ ಮದುವೆಯ ಕೆಲಸ ಮುಗಿದ ಮೇಲೆ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಿ ಮಾಡಿ ಪಳಗಿದ ಕೈ ನಿನ್ನದು. ಓದದೆಯೇ ಒತ್ತುತ್ತೀಯ, ದೊಡ್ಡದನ್ನು. ಊರಿನವರ ಮದುವೆಗಳಿಗೆ ಸ್ಟುಡಿಯೋದಲ್ಲಿ ಇನ್ನೊಂದು ಪ್ರತಿ ಇದೆ. ಹೋದ ವರ್ಷ ತೀರಿಕೊಂಡ ನಿನ್ನ ಅವ್ವ ಕೊಟ್ರವ್ವನ ವಿಡಿಯೋಗಳಿಗೆ ಇಲ್ಲ. ಗಿರಾಕಿಗಳದ್ದನ್ನೆಲ್ಲ ಎರಡೆರಡು ಕಡೆ ಇಟ್ಟವನು, ಹೆತ್ತವಳದ್ದನ್ನು ಆಮೇಲೆ ಮಾಡಿದರಾಯಿತು ಅಂದುಕೊಂಡೆ. ನನಗೆ ನಿನ್ನ ಮೇಲೆ ಸಿಟ್ಟಿರುವುದು ಇದಕ್ಕೇ.

ಆದರೂ ಇದನ್ನು ಬರೆಯಲು ಹಿಂದೆ ಮುಂದೆ ನೋಡಿದೆ. ಆ ದಿನ ನೀನು ‘ಅವ್ವ’ ಎಂಬ ಖಾಲಿ ಫೋಲ್ಡರನ್ನಷ್ಟೇ ಮತ್ತೆ ಮಾಡಿಟ್ಟೆ, ಆಮೇಲೆ ಲಿನಕ್ಸ್ ಬದಲಿಸಲೇ ಇಲ್ಲ. ಬೇರೆ ಒಳ್ಳೆಯದು ಸಿಗಲಿಲ್ಲವೆಂದಲ್ಲ. ಆ ಪ್ರಶ್ನೆಯ ಮುಂದೆ ಮತ್ತೆ ಕೂರುವ ಧೈರ್ಯ ನಿನಗೆ ಬರಲಿಲ್ಲ. ಪೆಟ್ಟಿಗೆ ನಮ್ಮ ತನಕ ಬಂದದ್ದೇ ಆ ಹೆದರಿಕೆಯಿಂದ. ಅವ್ವ ಉಳಿದರೆ, ಮುಂದಿನ ವಾರ ನೀನು ಇನ್ನೊಂದನ್ನು ಹಾಕುವುದಿಲ್ಲವೆಂದು ಏನು ಖಾತ್ರಿ? ಹಾಕುತ್ತಾ ಹಾಕುತ್ತಾ ಒಂದು ದಿನ ಬೇಸತ್ತು ಗುಜರಿಗೆ ಹಾಕಿದರೆ? ಆಗ ಪೆಟ್ಟಿಗೆಯೂ ಇಲ್ಲ, ಓಣಿಯವರ ನಗುವೂ ಇಲ್ಲ. ವಾರದಿಂದ ಮನೆಯೊಳಗೇ ಶತಪಥ ಹಾಕುತ್ತಿದ್ದೇನೆ. ಬರೆದದ್ದನ್ನು ಅಳಿಸುತ್ತೇನೆ, ಮತ್ತೆ ಬರೆಯುತ್ತೇನೆ. ನಿನ್ನ ರಕ್ತವೇ ತಾನೆ.

ನನ್ನ ಅಮ್ಮನ ಹೆಸರೂ ಕೊಟ್ರವ್ವ. ಅವಳ ಕಣ್ಣು ಹೋಗುತ್ತಿದೆ, ಅದಕ್ಕೆ ನಮ್ಮಲ್ಲೂ ಮದ್ದಿಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಪೂರಾ ಕತ್ತಲು ಅಂದಿದ್ದಾರೆ. ಚಿಕ್ಕಂದಿನಿಂದ ಅವಳದು ಒಂದೇ ಆಸೆ: “ನನಗ ಹೆಸರು ಕೊಟ್ಟಾಕಿ ಹೆಂಗಿದ್ಲು, ಒಂದ್ಸಲ ನೋಡ್ಬೇಕವ್ವ.” ಅದಕ್ಕೇ ಗಟ್ಟಿ ಮನಸ್ಸು ಮಾಡಿದೆ.

ಯಾವ ಲಿನಕ್ಸ್ ಅನ್ನುವುದು ದೊಡ್ಡ ಮಾತಲ್ಲ, ಅಜ್ಜ. ಡೆಬಿಯನ್ ಸಾಕು. ಮಿಂಟ್ ಆದರೂ ಸಾಕಿತ್ತು. ಒಂದನ್ನು ಹಾಕು, ಆಮೇಲೆ ಅದರ ತಂಟೆಗೆ ಹೋಗಬೇಡ. ಹೆದರಿ ಅಲ್ಲ, ನಾವು ಕಾಯುತ್ತಿದ್ದೇವೆಂದು. ಆದರೆ ಅದಕ್ಕೂ ಮೊದಲು ಕಂಪ್ಯೂಟರ್ ಆರಿಸಿ, ಪಕ್ಕದ ತಗಡು ಬಿಚ್ಚಿ, ದೊಡ್ಡ ಡಿಸ್ಕಿನ ವೈರು ಕಿತ್ತಿಡು. ಅದು ಕಾಣದಿದ್ದರೆ ತಪ್ಪಿ ಅಳಿಸುವ ಮಾತೇ ಇಲ್ಲ. ಎಲ್ಲ ಮುಗಿದ ಮೇಲೆ ಮತ್ತೆ ಸಿಕ್ಕಿಸು.

ಇಲ್ಲಿ ಫೋಲ್ಡರ್ ತೆರೆದಿಟ್ಟಿದ್ದೇನೆ. ಅಮ್ಮ ಕನ್ನಡಕ ಒರೆಸಿಕೊಂಡು, ಪರದೆಗೆ ಮೂಗು ತಾಗಿಸಿ ಕೂತಿದ್ದಾಳೆ. ಬಂತಾ, ಬಂತಾ ಎಂದು ಕೇಳುತ್ತಲೇ ಇದ್ದಾಳೆ. ಇನ್ನೂ ಖಾಲಿ ಇದೆ, ಅಜ್ಜ. ಕೀಬೋರ್ಡಿನಿಂದ ಕೈ ತೆಗೆ. ಮೊದಲು ಆ ವೈರು ಕೀಳು.