ಬಿಳಿ ತಂತಿಯ ಹಳೇ ಪೆಟ್ಟಿಗೆ

ಓಷ್ ಪೇಟೆ,
ನವೆಂಬರ್ ೧೪

ಪ್ರೀತಿಯ ಜೋಲ್ದೋಷಣ್ಣಾ,

ನಿನ್ನ ಸೊಂಟನೋವು ಹೇಗಿದೆ? ನೊವೊಸಿಬಿರ್ಸ್ಕ್‌ನ ಆ ಚಳಿಯಲ್ಲಿ ಇಟ್ಟಿಗೆ ಹೊರುವಾಗ ಅಮ್ಮ ಹೆಣೆದ ಉಣ್ಣೆಪಟ್ಟಿ ಕಟ್ಟಿಕೊಳ್ಳುತ್ತೀಯೋ, ಟ್ರಂಕಿನಲ್ಲೇ ಮಲಗಿಸಿದ್ದೀಯೋ? ಅಮ್ಮ ಚೆನ್ನಾಗಿದ್ದಾಳೆ, ಅಂದರೆ ದಿನವಿಡೀ ನನ್ನನ್ನು ಬೈಯುತ್ತಿದ್ದಾಳೆ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. ಅದಕ್ಕೇ ಬಸ್ಸಿನ ಡ್ರೈವರ್ ಕೈಯಲ್ಲಿ ಈ ಪತ್ರ.

"ತಾಜಿಗುಲಕ್ಕನ ಹೆಣಿಗೆ ಮಷಿನ್ನಿನ ಕಂಪ್ಯೂಟರ್ ನಿನ್ನ ಕೈಲಿ ಎದ್ರೆ ನಮ್ಮ ರಿಪೇರಿ ಅಂಗಡಿ ಇಟ್ಕೋ, ಇಲ್ಲಾಂದ್ರೆ ಮೊಬೈಲ್ ಕವರ್ ಮಾರೋನಿಗೆ ಕೀ ಕೊಟ್ಬಿಡು" ಅಂದಿದ್ದೆಯಲ್ಲ. ಜೊತೆಗೆ ಎಂಟುನೂರೈವತ್ತು ವಾಟಿನ ಹೊಸ ಪವರ್ ಸಪ್ಲೈ ಪೆಟ್ಟಿಗೆ ಬೇರೆ ಕಳಿಸಿದೆ. ಅದು ಪೇಟೆಯಲ್ಲಿ ಹೊಸ ಸೊಸೆಯ ಹಾಗೆ ಮೆರೆಯಿತು. ಹೊಸದನ್ನು ಬರಿಗೈಯಲ್ಲಿ ನೋಡಬಾರದೆಂದು ಒಣಹಣ್ಣು ಮಾರುವ ಮಾಮಜಾನಜ್ಜ ಅದರ ಮೇಲೆ ಒಂದು ಹಿಡಿ ಏಪ್ರಿಕಾಟ್ ಇಟ್ಟು, "ಇಷ್ಟು ದೊಡ್ಡದು ಏನ್ ತಿನ್ನುತ್ತಮ್ಮಾ?" ಎಂದ. ಇಷ್ಟು ಜನ ನೋಡಿ, ಕಾಣಿಕೆಯನ್ನೂ ಇಟ್ಟ ಮೇಲೆ ಡಬ್ಬದಲ್ಲೇ ಬಿಡುವುದುಂಟೇ? "ಅಣ್ಣ ಕಳ್ಸಿದ್ದು, ಮೊದಲ್ನೇ ಕೆಲಸ ಅದರದ್ದೇ" ಎಂದು ಅಮ್ಮನ ಹಟ. ನಾನೂ ಮರ್ಯಾದೆಗೆ ಕಟ್ಟುಬಿದ್ದು ನಮ್ಮ ಗುಜರಿಯ ಒಂದು ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದೆ. ಅದರಲ್ಲೆಲ್ಲೋ ಶಾರ್ಟ್ ಇತ್ತು. ನಿನ್ನ ಪೈಲ್ವಾನನಿಗೆ ಅದು ಲೆಕ್ಕಕ್ಕೇ ಬರಲಿಲ್ಲ, ಕರೆಂಟು ತುಂಬುತ್ತಲೇ ಹೋಯಿತು. ಬೋರ್ಡು ಹೊಗೆಯಾಡಿತು. ಅಮ್ಮ ಅದರ ಮೇಲೆ ಚಹಾ ಸುರಿಯಲು ಓಡಿಬಂದಳು.

ಆಮೇಲೆ ನಾನು ಯಾರ ಮಾತೂ ಕೇಳಲಿಲ್ಲ. ತಾಜಿಗುಲಕ್ಕನ ಹಳೇ ಕಾಲದ ಬೋರ್ಡಿಗೆ ಅಟ್ಟದ ಮೇಲಿನ ಇನ್ನೂರು ವಾಟಿನ ಹಳೇ ಪವರ್ ಸಪ್ಲೈ ಪೆಟ್ಟಿಗೆಯನ್ನೇ ಇಳಿಸಿದೆ. ಇಟ್ಟಿಗೆ ಹೊತ್ತು ಹೊತ್ತು ನಿನಗೆ ಮರೆತಿರಬೇಕು: ಆ ಕಾಲದ ಪ್ರೊಸೆಸರ್ ಹೊಟ್ಟೆ ತುಂಬಿಸಿಕೊಳ್ಳುವುದು ಐದು ವೋಲ್ಟಿನ ಸಾಲಿನಿಂದ, ಹೊಸ ಪೆಟ್ಟಿಗೆಗಳ ಬಲವೆಲ್ಲ ಹನ್ನೆರಡು ವೋಲ್ಟಿನಲ್ಲಿ. ಹೆಣಿಗೆ ಯಂತ್ರದ ಕಾರ್ಡಿಗೆ ಮೈನಸ್ ಐದು ವೋಲ್ಟೂ ಬೇಕು. ಅದನ್ನು ತರುವ ಬಿಳಿ ತಂತಿ ನಿನ್ನದರಲ್ಲಿ ಇಲ್ಲವೇ ಇಲ್ಲ. ಅಲ್ಲದೆ ಪರೀಕ್ಷೆಗೆ ಇಡುವ ಪೆಟ್ಟಿಗೆ ಕೊಂಚ ಅಂಜುಬುರುಕ ಆಗಿರಬೇಕಣ್ಣಾ, ತೊಂದರೆ ಕಂಡ ತಕ್ಷಣ ಕರೆಂಟು ಕೊಡುವುದನ್ನೇ ಕೈಬಿಡಬೇಕು. ಮೊದಲು ಕಾರಿನ ಹೆಡ್‌ಲೈಟ್ ಬಲ್ಬನ್ನು ಹೊರೆಯಾಗಿ ಕಟ್ಟಿ ಮೀಟರ್ ಹಿಡಿದು ನೋಡಿದೆ, ವೋಲ್ಟೇಜ್ ಸರಿಯಿತ್ತು. ಬೋರ್ಡಿಗೆ ಜೋಡಿಸಿದರೆ ಪೆಟ್ಟಿಗೆಯ ಫ್ಯಾನು ಒಮ್ಮೆ ಅಲುಗಿ ನಿಂತಿತು. "ಹೋಯ್ತೇನೇ ಬುರುಲ್ಚಾ? ನಮ್ಮ ಹೆಂಗಸ್ರ ಚಳಿಗಾಲದ ಅನ್ನ ಕಣೇ ಅದು" ಎಂದು ತಾಜಿಗುಲಕ್ಕ ಅಳುವುದೊಂದು ಬಾಕಿ. ನನಗೋ ಕುಣಿಯುವಷ್ಟು ಖುಷಿ. ಶಾರ್ಟ್ ಇದೆ ಎಂದು ಪೆಟ್ಟಿಗೆ ತಾನೇ ಹೇಳಿತ್ತು, ಬೋರ್ಡು ಸುಡದೆ ಉಳಿದಿತ್ತು. ಸತ್ತ ಕೆಪಾಸಿಟರ್ ಹುಡುಕಿ ಬದಲಿಸಿದೆ. ನಿನ್ನೆಯಿಂದ ಯಂತ್ರ ಟೋಪಿ ಹೆಣೆಯುತ್ತಿದೆ.

ನಿನ್ನ ಉಡುಗೊರೆಯನ್ನು ಹಳಿದೆ ಎಂದು ಮುನಿಸಿಕೊಳ್ಳಬೇಡ. ಹೊಸ ಬೋರ್ಡು ಬಂದ ದಿನ ಅದಕ್ಕೇ ಮೊದಲ ಪಾಳಿ. ಎದುರುಗಡೆಯ ನಿನ್ನ ಸ್ಟೂಲಿನ ಮೇಲೆ ಯಾರನ್ನೂ ಕೂರಿಸುತ್ತಿಲ್ಲ. ನೀನಿಲ್ಲದೆ ನನಗೆ ಬಹಳ ಬೇಸರ. ಅಮ್ಮ ನಿನಗೆ ಅಂಗೈಯೆತ್ತಿ ಹರಸಿದ್ದಾಳೆ, ಮಾಮಜಾನಜ್ಜ ಸಲಾಮು ಹೇಳಿದ್ದಾನೆ.

ನಿನ್ನ ತಂಗಿ,
ಬುರುಲ್ಚಾ

ತಾ.ಕ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಕವರ್ ಮಾರುವವನು ಬಂದಿದ್ದ, ಚಹಾ ಕುಡಿಸಿ ವಾಪಸು ಕಳಿಸಿದೆ. ಅಂಗಡಿಯ ಬೀಗಕ್ಕೆ ಇರುವುದು ಎರಡೇ ಕೀ. ಒಂದು ನನ್ನ ಕೊರಳಲ್ಲಿದೆ. ಲಕೋಟೆಯ ತಳ ತಡವಿ ನೋಡು, ಇನ್ನೊಂದು ನಿನ್ನದು.