ಕೊನೆಯ ದೃಶ್ಯದಲ್ಲಿ ಕೈ ಎಲ್ಲಿಡಬೇಕು

ನವೆಂಬರ್ 3, ಸೋಮವಾರ

ಹೀರೋಯಿನ್ ನಾನೇ! ಮದುವೆಯಾಗಿ ಎರಡು ತಿಂಗಳಾಗಿಲ್ಲ, ಆಗಲೇ ಮಾವನ ನಾಟಕ ತಂಡಕ್ಕೆ ನಾಯಕಿ. ಆ ಪಾತ್ರ ಮಾಡುತ್ತಿದ್ದ ವಾಣಿಗೆ ಟ್ರಾನ್ಸ್‌ಫರ್ ಆಯಿತು. ಶೋ 22ಕ್ಕೆ. ನಾನೂರು ವರ್ಷ ಹಳೆಯ ಇಂಗ್ಲಿಷ್ ಕಾಮಿಡಿ — ಬಾಯಿ ಜೋರಿನ ಹೆಂಡತಿಯನ್ನು ಗಂಡ ‘ದಾರಿಗೆ ತರುವ’ ಕಥೆ. ಮೂವತ್ತು ವರ್ಷದ ಹಿಂದೆ ಮಾವನೇ ಕನ್ನಡಕ್ಕೆ ತಂದದ್ದು. ಆಗ ನಾಯಕಿ ಅತ್ತೆ. ಈಗ ನಾನು. ಗಂಡನ ಪಾತ್ರಕ್ಕೆ ನನ್ನ ಗಂಡನೇ, ಸುದರ್ಶನ್. ಎಷ್ಟು ಕ್ಯೂಟ್!

ನವೆಂಬರ್ 6, ಗುರುವಾರ

ಕ್ಯೂಟ್ ಎಂದದ್ದು ವಾಪಸ್.

ಇವತ್ತು ಕೊನೆಯ ದೃಶ್ಯ. ಹೆಂಡತಿ ಉದ್ದದ ಭಾಷಣ ಮಾಡಿ ಗಂಡನ ಪಾದದ ಕೆಳಗೆ ಅಂಗೈ ಇಡಬೇಕು. ರಿಹರ್ಸಲ್ ನಡೆಯುವ ದೇವರಾಜ ಮೊಹಲ್ಲಾದ ಮಹಡಿ ಹಾಲ್‌ನಲ್ಲಿ, ಎಲ್ಲರೆದುರು, ನಾನು! ಆಗಲ್ಲ ಎಂದೆ. ಕಾಲೇಜಿನಲ್ಲಿ ನೋಡಿದ್ದ, ಇದೇ ಕಥೆಯ ಸಿನಿಮಾದ ವಿಷಯ ಹೇಳಿದೆ. ಅದರಲ್ಲೂ ಇದೇ ಭಾಷಣ. ಆದರೆ ಕ್ಯಾಮೆರಾ ಅವಳ ಮುಖದ ಹತ್ತಿರ ಹೋಗುತ್ತದೆ, ತುಟಿಯ ಅಂಚು ಒಂಚೂರು ಏಳುತ್ತದೆ... ಅಷ್ಟೇ, ಆಡಿದ್ದೆಲ್ಲ ತಲೆಕೆಳಗು. ಹಾಗೇ ಮಾಡುತ್ತೇನೆ ಎಂದೆ. ಮಾವ ನನ್ನನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ತಾವೇ ವೇದಿಕೆ ಹತ್ತಿ ತುಟಿ ಏರಿಸಿದರು. ಏನೂ ಕಾಣಲಿಲ್ಲ. ಸರಿ, ತುಟಿ ನಡೆಯಲ್ಲ ಎಂದು ಒಪ್ಪಿದೆ. ಆದರೆ ಕೈ?

“ನಿಮ್ಮತ್ತೆ ಇಪ್ಪತ್ತೆರಡು ಶೋ ಮಾಡಿದ್ಲು ಕಣಮ್ಮ. ಒಂದು ದಿನ ತಕರಾರಿಲ್ಲ. ಚಪ್ಪಾಳೆ ಬೀಳ್ತಿದ್ದದ್ದೇ ಆ ಸೀನಿಗೆ.”

ಸುದರ್ಶನ್ ಸ್ಕೂಟರ್ ಕೀ ಹುಡುಕತೊಡಗಿದ. ವಿಜಯನಗರದ ಮನೆ ಮುಟ್ಟುವವರೆಗೂ ನಾನು ಸ್ಕೂಟರಿನ ಹಿಂದಿನ ಹಿಡಿ ಹಿಡಿದು ಕೂತೆ, ಅವನನ್ನಲ್ಲ.

ನವೆಂಬರ್ 15, ಶನಿವಾರ

ದಿನಾ ರಿಹರ್ಸಲ್, ದಿನಾ ಅದೇ ಜಗಳ. ಸುದರ್ಶನ್ ಇದೇ ನಾಟಕದ ಇನ್ನೊಂದು ಸಿನಿಮಾ ಹುಡುಕಿ ತಂದ. ಅದರಲ್ಲಿ ಆ ದೃಶ್ಯವನ್ನೇ ಕತ್ತರಿಸಿದ್ದಾರೆ. ಅದು ತಿಳಿದು ಮಾವ ಅರ್ಧಕ್ಕೇ ಎದ್ದರು. ಕಷ್ಟ ಬಂದ ಕಡೆ ಕತ್ತರಿ ಹಾಕುವುದು ಮೋಸವಂತೆ. ಥೂ, ಅದು ನಿಜ. ನನಗೂ ಕತ್ತರಿಸುವುದು ಬೇಡ. ಕೈ ಇಡುವುದೂ ಬೇಡ. ನಿನಗೇನು ಅನ್ನಿಸುತ್ತದೆ ಎಂದು ಸುದರ್ಶನ್‌ನನ್ನು ಕೇಳಿದೆ.

“ಕಾಲು ಚಾಚಕ್ಕೆ ನಂಗೂ ನಾಚಿಕೆ ಕಣೇ. ಅಪ್ಪಂಗೆ ಹೆಂಗೆ ಹೇಳ್ಲಿ?”

ಇಷ್ಟು ದಿನ ನನಗಾದರೂ ಹೇಳಬಾರದಿತ್ತೇ! ಇನ್ನು ಒಂದೇ ವಾರ. ಪಾತ್ರ ಬಿಟ್ಟುಬಿಡಲೇ...

ನವೆಂಬರ್ 17, ಸೋಮವಾರ, ಮಧ್ಯಾಹ್ನ

ಹೊಸಪೇಟೆಯಲ್ಲಿ ಮಗಳ ಮನೆಯಲ್ಲಿರುವ ಅತ್ತೆಗೆ ಫೋನ್ ಮಾಡಿದೆ. ಬಿಡುತ್ತೇನೆ ಎಂದು ಹೇಳಲು. ಎಲ್ಲ ಕೇಳಿ ನಕ್ಕರು.

“ನಾನೆಲ್ಲಿ ಕೈ ಇಟ್ಟೆ? ರಿಹರ್ಸಲ್‌ನಲ್ಲಿ ಇಡ್ತಿದ್ದೆ. ಶೋನಲ್ಲಿ ಅಂಗಾಲಿಗೆ ಕಚಗುಳಿ. ಪಾಪ ಸಿದ್ದಲಿಂಗಸ್ವಾಮಿ ಕಾಲು ಎಳ್ಕೊಂಡ್ಬಿಡೋರು.”

ಸಿದ್ದಲಿಂಗಸ್ವಾಮಿ ಆಗ ಗಂಡನ ಪಾತ್ರದವರು. ಮಾವ ವೇದಿಕೆ ಪಕ್ಕದ ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದು ಮಾತು ಹೇಳಿಕೊಡುತ್ತಿದ್ದರಂತೆ. ಅಲ್ಲಿಗೆ ಕಾಣುತ್ತಿದ್ದದ್ದು ಅತ್ತೆಯ ಬೆನ್ನು. ಆ ನಗು, ಚಪ್ಪಾಳೆ ಎಲ್ಲ ತಮ್ಮ ಅನುವಾದಕ್ಕೆ ಎಂದುಕೊಂಡರು! ಸಿನಿಮಾದಲ್ಲಿ ಎಲ್ಲರಿಗೂ ಒಂದೇ ಚಿತ್ರ. ನಾಟಕದಲ್ಲಿ ಕೂತ ಜಾಗಕ್ಕೊಂದು ನಾಟಕ. ಮೂವತ್ತು ವರ್ಷದಿಂದ ಮಾವ ತಮ್ಮ ನಾಟಕವನ್ನೇ ನೋಡಿಲ್ಲ.

ಆದರೆ ಈ ಸಲ ಮಾವನಿಗೆ ಮಂಡಿನೋವು. ಮೊದಲ ಸಾಲಿನಲ್ಲಿ ಕೂರುತ್ತಾರೆ. ಎಲ್ಲ ಕಾಣುತ್ತದೆ ಎಂದೆ. ಆ ಕಡೆ ಕುಕ್ಕರ್ ಎರಡು ಸಲ ಕೂಗಿತು.

“ಕಾಣ್ಲಿ ಬಿಡು. ಎಷ್ಟು ದಿನ ಅಂತ ಮುಚ್ಚಿಡೋದು? ನೀನು ಕಚಗುಳಿ ಇಡು. ನಾನು ಅವರ ಪಕ್ಕ ಕೂತಿರ್ತೀನಿ.”

ಈಗ ಅತ್ತೆಯ ಮೆಸೇಜ್ ಬಂತು. ಟಿಕೆಟ್ ಆಯಿತಂತೆ. ಮಾವನಿಗೆ ಹೇಳಬಾರದಂತೆ. ಶುಕ್ರವಾರ ಬೆಳಿಗ್ಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬಂದಿಳಿಯುತ್ತಾರೆ!